ಹಾಸುಬಂಡೆಯ ಮೇಲಿನ ಆಸ್ಪತ್ರೆ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ನಮ್ಮ ಕಾಲು ನೋಡುತ್ತಾರೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಡೆಯುವ ಇವರೆಂಥ ಜನ ಎಂದು ಅವರಿಗೆ ಅನಿಸುವುದು ಸಹಜ. ಹಿಂದೊಮ್ಮೆ ಬಸ್ಸಿನಿಂದ ಇಳಿದ ಬೀಗರೊಬ್ಬರು ಬೂಟು ಹಾಕಿಕೊಂಡೇ ಕೆಳಗಿನ ಓಣಿಯ ನೆರಳಿನೊಳಗೆ ಕಾಲಿಟ್ಟರು. ಓಣಿಯ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತುಬಿಟ್ಟರು. ಬೈಯಲಿಲ್ಲ, ಸುಮ್ಮನೆ ನಿಂತರು ಅಷ್ಟೆ. ಪಾಪ, ಆ ಮನುಷ್ಯನಿಗೆ ತಾನು ಮಾಡಿದ ತಪ್ಪೇನೆಂದು ತಿಳಿಯದೆ ಬೆವರು ಕಿತ್ತುಕೊಂಡಿತು. ಮಾತಿನ ನೆರಳಿನೊಳಗೆ ನಾವು ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ದೇವರ ಕೋಣೆಗೆ ಹೇಗೋ ಇದಕ್ಕೂ ಹಾಗೆಯೇ.

ಊರ ನಡುವೆ ಒಂದು ಕಟ್ಟೆಯಿದೆ. ಅದರ ಮೇಲೆ ನಿಂತು ಯಾರಾದರೂ ಮಾತು ಕೊಟ್ಟು, ಕೇಳುತ್ತಿದ್ದವರಲ್ಲಿ ಒಬ್ಬರು ಎದ್ದು 'ತಗೊಂಡೀವಿ' ಎಂದರೆ, ಮರುದಿನ ಬೆಳಗ್ಗೆ ಆ ಮಾತಿನ ನೆರಳು ನೆಲದ ಮೇಲೆ ಬಿದ್ದಿರುತ್ತದೆ. ತೊಟ್ಟಿಲು ಮಾಡಿಸಿಕೊಡುತ್ತೇನೆಂದರೆ ತೊಟ್ಟಿಲಿನ ನೆರಳು, ಗೋಡೆ ಕಟ್ಟಿಸುತ್ತೇನೆಂದರೆ ಗೋಡೆಯ ನೆರಳು. ಆ ವಸ್ತು ಎಲ್ಲಿ ಬರಬೇಕೋ ಅಲ್ಲಿಯೇ ಬೀಳುತ್ತದೆ, ಸೂರ್ಯ ಎತ್ತ ಹೊರಳಿದರೂ ಅದು ಅಲುಗುವುದಿಲ್ಲ. ಮಾತು ನಡೆಸಿಕೊಟ್ಟ ದಿನ ಆ ವಸ್ತುವಿನ ಕೆಳಗೆ ಸೇರಿಕೊಂಡು ಉಳಿದ ನೆರಳುಗಳಂತೆ ಆಗಿಬಿಡುತ್ತದೆ. ಮನೆಯೊಳಗೆ ಗಂಡ ಹೆಂಡತಿಗೆ ಹೇಳುವ ಸೀರೆ ಬಳೆಗಳ ಮಾತಿಗೆ ಮಾತ್ರ ನೆರಳು ಬೀಳುವುದಿಲ್ಲ. ಬೀಳುವಂತಿದ್ದರೆ ನಮ್ಮ ಅಡುಗೆಮನೆಗಳಲ್ಲಿ ಹಗಲಲ್ಲೂ ದೀಪ ಹಚ್ಚಬೇಕಾಗುತ್ತಿತ್ತು.

ಕೊಟ್ಟ ಮಾತು ನಡೆಸಲು ಆಗದೆ ಹೋದರೆ ಅದಕ್ಕೂ ಒಂದು ರೀತಿಯಿದೆ. ಕೊಟ್ಟವನು ನಡುಮಧ್ಯಾಹ್ನ ಬರಿಗಾಲಲ್ಲಿ ಆ ನೆರಳಿನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ 'ನನ್ನಿಂದ ಆಗಲಿಲ್ಲ' ಎನ್ನಬೇಕು. ನೆರಳು ಹೋಗುತ್ತದೆ. ಮಾತು ತೆಗೆದುಕೊಂಡವರು ಅವನ ಕೈಗೆ ಒಂದು ಲೋಟ ಮಜ್ಜಿಗೆ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ಆಡಿಕೊಳ್ಳುವುದಿಲ್ಲ. ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಷ ಹಿಟ್ಟಿನ ಗಿರಣಿಯ ಸಂಗನಬಸಪ್ಪ ಕೆಳಗಿನ ಓಣಿಗೆ ಬಾವಿ ತೋಡಿಸುವುದಾಗಿ ಮಾತು ಕೊಟ್ಟಿದ್ದರು. ತೋಡಿದಷ್ಟೂ ಬಂಡೆ ಬಂತು. ಕೊನೆಗೆ ಒಂದು ಮಧ್ಯಾಹ್ನ ಆ ದುಂಡು ನೆರಳಿನಲ್ಲಿ ನಿಂತು, ಆಗಲಿಲ್ಲ ಎಂದರು. ನಾನು ಹುಟ್ಟಿ ಬೆಳೆದ ಊರಿನಲ್ಲಿ ಅಂಥ ಮನುಷ್ಯನನ್ನು ನೋಡಿರಲಿಲ್ಲ. ಇದು ನನ್ನ ಊರು ಎಂದು ನನಗೆ ಅನಿಸಿದ್ದು ಅಂದೇ, ತಾಳಿ ಕಟ್ಟಿಸಿಕೊಂಡ ದಿನ ಅಲ್ಲ.

ಇನ್ನೊಂದು ದಾರಿಯೂ ಉಂಟು. ಮಾತು ತೆಗೆದುಕೊಂಡವರೇ ಕಟ್ಟೆಗೆ ಹೋಗಿ 'ನಿಮ್ಮ ಮಾತು ನಿಮಗೇ ಇರಲಿ' ಎಂದರೂ ನೆರಳು ಹೋಗುತ್ತದೆ. ಆಗ ಕೊಟ್ಟವನು ನಿಲ್ಲಬೇಕಾಗಿಲ್ಲ, ನಾಚಬೇಕಾಗಿಲ್ಲ. ಇದನ್ನು ಹಿಂದೆ ಯಾರೂ ಹೆಚ್ಚಾಗಿ ಬಳಸಿದವರಲ್ಲ. ಬಳಸುವ ಜಾಣರು ಬಂದದ್ದು ಇತ್ತೀಚೆಗೆ.

ನನ್ನ ಹೆಸರು ಮಹಾನಂದಾ, ಊರವರ ಬಾಯಲ್ಲಿ ನಂದಕ್ಕ. ಊರಿನ ಕೊನೆಯಲ್ಲಿರುವ ಹಾಸುಬಂಡೆ ನಮ್ಮದು. ನಮ್ಮದೆಂದರೆ ಊರಿನದು, ಆದರೆ ನಮ್ಮತ್ತೆಯವರ ಕಾಲದಿಂದ ಅದರ ಮೇಲೆ ಹಪ್ಪಳ, ಸಂಡಿಗೆ, ಶಾವಿಗೆ ಒಣಗಿಸುತ್ತ ಬಂದವರು ನಾವು ಒಂದು ಗುಂಪು ಹೆಂಗಸರು. ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೀಳುವ ಅಂಥ ಜಾಗ ಸುತ್ತಮುತ್ತ ಎಲ್ಲೂ ಇಲ್ಲ. ನಮ್ಮ ಹಪ್ಪಳ ಎಣ್ಣೆಗೆ ಹಾಕಿದರೆ ಬಾಣಲೆ ತುಂಬ ಅರಳುತ್ತದೆ ಎಂಬ ಹೆಸರಿದೆ. ಆ ಹೆಸರಿನಲ್ಲಿ ಅರ್ಧ ನಮ್ಮ ಕೈಯದು, ಅರ್ಧ ಆ ಬಿಸಿಲಿನದು. ಹಪ್ಪಳದ ಹಿಟ್ಟು ಬೀಬಿಜಾನಳ ಕೈಯದು, ಹದ ತಪ್ಪಿದ್ದೇ ಇಲ್ಲ. ಶಾವಿಗೆಗೆ ಕಲ್ಲವ್ವ. ಅವಳು ಮಣೆಯ ಮೇಲೆ ಕೂತು ಎಳೆದಳೆಂದರೆ ಎಳೆ ಕೂದಲಿಗಿಂತ ಸಣ್ಣಗೆ ಬರುತ್ತಿತ್ತು. ಬರುತ್ತಿತ್ತು ಎಂದೇ ಹೇಳಬೇಕಾಗಿದೆ ಈಗ.

ಹಳೆಯ ಆಡಳಿತದವರು ಏನೂ ಹೇಳುತ್ತಿರಲಿಲ್ಲ, ಏನೂ ಮಾಡುತ್ತಿರಲಿಲ್ಲ. ಕಟ್ಟೆ ಹತ್ತಿದರೆ ಕೈಮುಗಿದು ಇಳಿದುಬಿಡುತ್ತಿದ್ದರು. ಊರವರು ಬೇಸತ್ತಿದ್ದ ಕಾಲಕ್ಕೆ ಸರಿಯಾಗಿ ಮುರಿಗೆಪ್ಪ ಊರಿಗೆ ಮರಳಿ ಬಂದ. ಅದೇ ಗಿರಣಿ ಸಂಗನಬಸಪ್ಪನವರ ಮಗ. ಮಾತಿಗೆ ನೆರಳು ಬೀಳದ ಊರುಗಳಲ್ಲಿ ಗುತ್ತಿಗೆದಾರನಾಗಿ ಬಹಳ ವರ್ಷ ಕಳೆದು, ಬಿಳಿ ಅಂಗಿ ಹೊಳೆಯುವ ಬೂಟು ಹಾಕಿಕೊಂಡು ಬಂದಿದ್ದ. ಪಂಚಾಯಿತಿ ಚುನಾವಣೆಗೆ ಮುಂಚೆ ಕಟ್ಟೆ ಹತ್ತಿ ನಿಂತವನು ಒಂದೇ ಉಸಿರಿಗೆ ಹಳ್ಳಕ್ಕೆ ಸೇತುವೆ, ಸಂತೆಗೆ ತಗಡಿನ ಮಾಡು, ಬಸ್ ನಿಲ್ದಾಣ, ವಾಚನಾಲಯ ಎಂದ. ಒಂದೊಂದು ಮಾತಿಗೂ ಒಬ್ಬೊಬ್ಬರು ಎದ್ದು ತಗೊಂಡೀವಿ ಎಂದರು. ಕೊನೆಗೆ ನನ್ನ ಕಡೆ ನೋಡಿದ.

"ನಂದಕ್ಕ, ನಿಮ್ಮ ಹಾಸುಬಂಡೆ ಕೊಡ್ರಿ. ಅಲ್ಲಿ ಎರಡ ಅಂತಸ್ತಿನ ಆಸ್ಪತ್ರಿ ಕಟ್ಟಸ್ತೀನಿ. ಮಾಳಿಗಿ ಮ್ಯಾಲೆ ನೀವ ಹಪ್ಪಳ ಒಣಗಸ್ರಿ, ಕೆಳಗ ಡಾಕ್ಟರ್ ಕುಂದರ್ತಾರ."

ನಮ್ಮೂರಿಗೆ ಆಸ್ಪತ್ರೆಯಿಲ್ಲ. ಜ್ವರ ಬಂದರೂ ಹೆರಿಗೆ ಬಂದರೂ ಘಟ್ಟ ಇಳಿದು ಪಕ್ಕದ ಪೇಟೆಗೇ ಹೋಗಬೇಕು. ನಾನು ಬೀಬಿಜಾನಳ ಮುಖ ನೋಡಿದೆ, ಕಲ್ಲವ್ವನ ಮುಖ ನೋಡಿದೆ. ಇಬ್ಬರೂ ಗೋಣು ಹಾಕಿದರು. ಎದ್ದು ನಿಂತು, "ತಗೊಂಡೀವಿ" ಎಂದೆ. ಊರಿಗೆ ಬಿಸಿಲು ಬಿಟ್ಟುಕೊಟ್ಟ ಹೆಂಗಸರು ನಾವು ಎಂದು ಎದೆ ಉಬ್ಬಿತ್ತು. ಈಗಲೂ ಅದಕ್ಕೆ ನಾನು ನಾಚುವುದಿಲ್ಲ.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಊರಿಗೆ ಊರೇ ತಂಪಾಗಿತ್ತು. ಅಷ್ಟು ದೊಡ್ಡ ನೆರಳುಗಳನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಮುದುಕರು ಚಪ್ಪಲಿ ಬಿಟ್ಟು ಸೇತುವೆಯ ನೆರಳಿನಗುಂಟ ಹಳ್ಳದ ದಂಡೆಯವರೆಗೆ ನಡೆದು ಹೋಗಿ ಕಣ್ಣೊರೆಸಿಕೊಂಡರು. ತಪ್ಪಿದ್ದು ಅಲ್ಲೇ. ಬೇರೆ ಊರಿನವರಾಗಿದ್ದರೆ, ಇಷ್ಟೆಲ್ಲ ಹೇಳುವವನು ಎಲ್ಲಿ ಮಾಡುತ್ತಾನೆ ಎಂದು ಮೂಗು ಮುರಿಯುತ್ತಿದ್ದರು. ನಾವು ನೆರಳು ನೋಡಿ ಬೆಳೆದವರು. ನೆರಳು ಬಿತ್ತೆಂದರೆ ಕೆಲಸ ಅರ್ಧ ಆದಂತೆ ಎಂಬುದು ನಮ್ಮ ರಕ್ತದಲ್ಲೇ ಇತ್ತು. ಯಾರ ನೆರಳು ದೊಡ್ಡದೋ ಅವರೇ ದೊಡ್ಡ ಮನುಷ್ಯರು ಎಂದುಕೊಂಡು ಓಟು ಹಾಕಿದೆವು. ಮುರಿಗೆಪ್ಪ ಅಧ್ಯಕ್ಷನಾದ.

ಆಮೇಲೆ ಒಂದು ಬೇಸಿಗೆ ಹೋಯಿತು, ಇನ್ನೊಂದು ಬಂತು. ಒಂದು ಇಟ್ಟಿಗೆ ಬರಲಿಲ್ಲ. ಜನ ನೆರಳಿನ ಜೊತೆ ಹೇಗೋ ಹೊಂದಿಕೊಂಡರು. ಸಂತೆಯವರು ಇಲ್ಲದ ಮಾಡಿನ ಕೆಳಗೆ ತರಕಾರಿ ಬಾಡುವುದಿಲ್ಲವೆಂದು ಮೊದಲು ಸಂತೋಷಪಟ್ಟರು, ಮಳೆ ಬಂದಾಗ ನೆರಳು ತಡೆಯುವುದಿಲ್ಲವೆಂಬುದು ತಿಳಿಯಿತು. ಊರ ತುಂಬ ನೆರಳಾಗಿ ಎಲ್ಲರೂ ಬರಿಗಾಲಾದ ಮೇಲೆ ಚಪ್ಪಲಿ ಹೊಲಿಯುವ ದ್ಯಾಮಣ್ಣ ಅಂಗಡಿ ಮುಚ್ಚಿ ಕೊಡೆ ರಿಪೇರಿಗೆ ಕೂತ. ವಾಚನಾಲಯದ ನೆರಳಿನಲ್ಲಿ ಮಕ್ಕಳು ಗದ್ದಲ ಮಾಡಿದರೆ ಹಿರಿಯರು, "ಓದೋ ಜಾಗ, ಸುಮ್ಮನಿರ್ರಿ" ಎಂದು ಗದರುತ್ತಿದ್ದರು. ನಗು ಬರುತ್ತದೆ, ಆದರೆ ಆ ಮಾತಿನಲ್ಲಿ ಹುಸಿ ಇರಲಿಲ್ಲ. ನಾವು ನಂಬುವಾಗ ಹಾಗೆಯೇ ನಂಬುತ್ತೇವೆ.

ಹಾಸುಬಂಡೆಯ ಮೇಲೆ ಆಸ್ಪತ್ರೆಯ ನೆರಳು ಉದ್ದಕ್ಕೂ ಬಿದ್ದಿತ್ತು. ಕಿಟಕಿಗಳು ಇರಬೇಕಾದ ಕಡೆ ಮಾತ್ರ ಚೌಕ ಚೌಕವಾಗಿ ಬಿಸಿಲು. ನಾವು ಆ ಚೌಕಗಳನ್ನು ಹಂಚಿಕೊಂಡು ಅದರಲ್ಲೇ ಹಪ್ಪಳ ಹರವಿದೆವು. "ಕಿಟಕಿ ಇಷ್ಟ ಸಣ್ಣವು ಇಟ್ಟಾನ, ರೋಗಿಗೋಳು ಉಸಿರಾಡೂದು ಹೆಂಗ?" ಎಂದು ಬೀಬಿಜಾನ್ ದಿನವೂ ಬಯ್ಯುತ್ತ ತನ್ನ ಚೌಕದಲ್ಲಿ ಸಂಡಿಗೆ ಹಾಕುತ್ತಿದ್ದಳು. ಚೌಕಗಳಲ್ಲಿ ಹಿಡಿಸದೆ ಉಳಿದ ಹಪ್ಪಳ ನೆರಳಿನಲ್ಲಿ ಬೂಸುರು ಹಿಡಿಯಿತು. ಕೊಂಡವರು ಮರಳಿ ತಂದರು. ನಮ್ಮ ಹೆಸರಿಗೆ ಅಂಥ ಮಾತು ಬಂದದ್ದು ಅದೇ ಮೊದಲು. ಗುಂಪಿನಲ್ಲಿ ಕೆಲವರು ಕೂಲಿಗೆ ಹೋಗತೊಡಗಿದರು.

ಅಧ್ಯಕ್ಷರು ಸುಮ್ಮನೆ ಕೂತಿರಲಿಲ್ಲ ಎನ್ನಬೇಕು. ಆಸ್ಪತ್ರೆಯ ನೆರಳಿನೊಳಗೆ ನಾಲ್ಕು ಸಿಮೆಂಟ್ ಬೆಂಚು ಹಾಕಿಸಿದರು. ಊರು ಎಷ್ಟು ತಂಪಾಗಿದೆ ನೋಡಿ, ಇದೇ ನಮ್ಮ ಸಾಧನೆ ಎಂದು ಭಾಷಣ ಮಾಡಿದರು. ಅಂದು ಬೂಟು ಹಾಕಿಕೊಂಡೇ ನೆರಳಿನೊಳಗೆ ಬಂದು ಬೆಂಚು ಉದ್ಘಾಟಿಸಿದರು. ನಾವೆಲ್ಲ ಎದ್ದು ನಿಂತೆವು. ಗೌರವಕ್ಕೆ ಎದ್ದರೆಂದು ತಿಳಿದು ಕೈಮುಗಿದು ಹೋದರು. ಅವರಪ್ಪ ಬದುಕಿದ್ದಿದ್ದರೆ ಏನೆನ್ನುತ್ತಿದ್ದರೋ ಎಂದುಕೊಂಡೆ.

ಆ ಮಳೆಗಾಲ ಶುರುವಾಗುವ ಮುಂಚೆ ಕಲ್ಲವ್ವನಿಗೆ ಲಕ್ವ ಹೊಡೆಯಿತು. ಬಂಡೆಯ ಮೇಲೆ ಶಾವಿಗೆ ಎಳೆಯುತ್ತಿದ್ದವಳು ಹಾಗೇ ಒಂದು ಬದಿಗೆ ವಾಲಿದಳು. ಅವಳನ್ನು ಸಿಮೆಂಟ್ ಬೆಂಚಿನ ಮೇಲೆ ಮಲಗಿಸಿ ನಾವು ಬಸ್ಸಿಗಾಗಿ ಕಾದೆವು. ಇಲ್ಲದ ಆಸ್ಪತ್ರೆಯ ಬಾಗಿಲ ನೆರಳಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಘಟ್ಟ ಇಳಿದು ಪೇಟೆ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ, ಮಾತು ತೊದಲಾಯಿತು. ಬೇಗ ಬಂದಿದ್ದರೆ ಕೈ ಉಳಿಯುತ್ತಿತ್ತು ಎಂದು ಅಲ್ಲಿಯ ಡಾಕ್ಟರ್ ಹೇಳಿದರು. ಆ ಮಾತು ನನ್ನೊಳಗೆ ಮುಳ್ಳಾಗಿ ಕೂತಿದೆ. ಅಂಥ ಶಾವಿಗೆಯನ್ನು ಈ ಊರು ಮತ್ತೆ ತಿನ್ನುವುದಿಲ್ಲ.

ಇಷ್ಟಾದ ಮೇಲೆ ಮೇಲಿನ ಸಾಹೇಬರೊಬ್ಬರು ಊರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಒಳ್ಳೆಯ ಆಡಳಿತಕ್ಕೆ ಬಹುಮಾನ ಕೊಡುವವರಂತೆ. ಅವರ ಕಣ್ಣಿಗೆ ನೆರಳು ಬೀಳಬಾರದಲ್ಲ. ಅಧ್ಯಕ್ಷರ ಬಲಗೈಯಾದ ನಾಗೇಶಿ ಎಂಬವನು ಓಣಿ ಓಣಿ ತಿರುಗಿ, ಮಾತು ತೆಗೆದುಕೊಂಡವರನ್ನೆಲ್ಲ ಕಂಡು, ಮಾತು ಮರಳಿಸಿಬಿಡಿ ಎಂದು ಬೆಣ್ಣೆ ಹಚ್ಚತೊಡಗಿದ. ಒಬ್ಬರ ಅಳಿಯನಿಗೆ ಕಚೇರಿಯಲ್ಲಿ ಕೆಲಸ, ಇನ್ನೊಬ್ಬರ ಮನೆಗೆ ನಳ. ಸೇತುವೆ ಹೋಯಿತು, ಮಾಡು ಹೋಯಿತು, ಬಸ್ ನಿಲ್ದಾಣ ಹೋಯಿತು, ವಾಚನಾಲಯವೂ ಹೋಯಿತು. ಒಂದೊಂದಾಗಿ ಊರಿಗೆ ಬಿಸಿಲು ಮರಳಿತು. ಜನ ಚಪ್ಪಲಿ ಮೆಟ್ಟಿಕೊಂಡು ಓಡಾಡಿದರು, ದ್ಯಾಮಣ್ಣ ಮತ್ತೆ ಅಂಗಡಿ ತೆರೆದ. ಯಾರನ್ನೂ ನಾನು ಬೈಯುವುದಿಲ್ಲ. ಎರಡು ವರ್ಷ ಬಿಸಿಲಿಲ್ಲದೆ ಬದುಕಿದವರು ಅವರು. ಉಳಿದದ್ದು ಹಾಸುಬಂಡೆಯ ನೆರಳೊಂದೇ.

ನಾಗೇಶಿ ಬಂಡೆಯ ಅಂಚಿಗೆ ಬಂದು, ನಮ್ಮೆದುರಿಗೆ ಚಪ್ಪಲಿ ಬಿಟ್ಟು ಒಳಗೆ ಬಂದ. ಅಷ್ಟು ಬುದ್ಧಿ ಅವನಿಗಿತ್ತು.

"ನಂದಕ್ಕ, ಕಟ್ಟಿಗೆ ಬಂದು ಒಂದ ಮಾತು ಅನ್ರಿ. ನಾಳೆ ಮುಂಜಾನೆ ನಿಮ್ಮ ಬಿಸಲ ನಿಮಗ. ಹಪ್ಪಳಾ ಬೂಸರ ಹಿಡಿಯಾಕತ್ತಾವು ಅಂತ ಊರೆಲ್ಲಾ ಮಾತಾಡಾಕತ್ತೈತಿ, ನಮಗ ಕೆಟ್ಟ ಅನಸ್ತೈತಿ."

"ಕೆಟ್ಟ ಅನಸೂದು ಈಗ ಶುರು ಆತೇನು?"

"ಅಲ್ರಿ, ಆಗದ ಆಸ್ಪತ್ರಿ ಹಿಡ್ಕೊಂಡು ಏನ್ ಮಾಡ್ತೀರಿ?"

"ಆಗೂದಿಲ್ಲ ಅಂತ ನಿಮ್ಮ ಅಧ್ಯಕ್ಷರಿಗೆ ಗೊತ್ತೈತಿ ಅಂದಂಗಾತು. ಅದನ್ನ ಅವರ ಬಂದು ಇಲ್ಲಿ ನಿಂತು ಹೇಳ್ಲಿ. ಮಜ್ಜಿಗಿ ನಾ ಕೊಡ್ತೀನಿ."

"ಅಧ್ಯಕ್ಷರು ಹಂಗ ಬಂದು ನಿಂದ್ರಾಕ ಆಗತೈತೇನ್ರಿ? ಅವರ ಮರ್ಯಾದಿ ಏನಾಗಬೇಕು?" ಎಂದು ಅವನು ಎದ್ದು ಹೋದ.

ಅವನು ಹೋದ ಮೇಲೆ ನಮ್ಮ ನಮ್ಮಲ್ಲೇ ಮಾತು ಬೆಳೆಯಿತು. ಬೀಬಿಜಾನ್ ಕೈಯ ಹಿಟ್ಟು ತಿಕ್ಕಿ ತೆಗೆಯುತ್ತ ಅಂದಳು, "ನಂದಾ, ಸಿಟ್ಟ ಮಾಡ್ಕೋಬ್ಯಾಡ. ನೆರಳು ತಿಂದು ಹೊಟ್ಟಿ ತುಂಬೂದಿಲ್ಲ. ಕೊಟ್ಟಬಿಡು. ನಮ್ಮ ಹಪ್ಪಳಾ ಮೊದಲಿನಂಗ ಆಗ್ಲಿ." ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ನನ್ನ ಮನೆಯ ಡಬ್ಬಿಗಳೂ ತಳ ಕಂಡಿದ್ದವು. ಒಂದು ಮಾತು ಅಂದರೆ ಸಾಕು, ನಾಳೆ ಬೆಳಗ್ಗೆ ಬಂಡೆಯ ತುಂಬ ಬಿಸಿಲು. ಅಂದೆನೋ, ಆಸ್ಪತ್ರೆ ಕೇಳುವ ಹಕ್ಕೂ ಅದರೊಂದಿಗೇ ಹೋಯಿತು. ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ, ಸಾಹೇಬರು ನೋಡುವುದು ಸ್ವಚ್ಛ ನೆಲ. ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಆಗ ಸಿಮೆಂಟ್ ಬೆಂಚಿಗೊರಗಿ ಕೂತಿದ್ದ ಕಲ್ಲವ್ವ ಎಡಗೈಯಿಂದ ತನ್ನ ಬಲಗೈ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರ ಕಷ್ಟಪಟ್ಟು ಹೊರಡಿಸಿದಳು.

"ಕೊ... ಕೊಡಬ್ಯಾಡ."

ಬೀಬಿಜಾನ್ ಅವಳ ಕೈ ನೋಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಸಂತೆಯ ದಿನ ನಾನು ಕಟ್ಟೆ ಹತ್ತಿದೆ. ಹೆಂಗಸೊಬ್ಬಳು ಕಟ್ಟೆ ಹತ್ತಿದ್ದು ನೋಡಿ ಸಂತೆಯ ಗಲಾಟೆ ನಿಂತಿತು. ಮಾತು ಮರಳಿಸಲು ಬಂದೆನೆಂದು ನಾಗೇಶಿ ಹಲ್ಲು ಕಿಸಿಯುತ್ತ ಮುಂದೆ ಬಂದು ನಿಂತ. ನಾನು ಅವನನ್ನು ಬಿಟ್ಟು ಸಂತೆಯ ಕಡೆ ತಿರುಗಿದೆ.

"ಕೇಳ್ರಿ ಎಲ್ಲಾರೂ. ಹಾಸುಬಂಡೆ ಮ್ಯಾಲೆ ಡಾಕ್ಟರ್ ಬಂದು ಕುಂದ್ರೂತನಕ, ನಾನು ದಿನಾ ಮಧ್ಯಾಹ್ನ ಬಿಸಲ ಇಳಿಯೂತನಕ ಕಚೇರಿ ಮೆಟ್ಟಲ ಮ್ಯಾಲೆ ಕುಂದರ್ತೀನಿ. ಇದು ನನ್ನ ಮಾತು."

ಯಾರಾದರೂ ತೆಗೆದುಕೊಳ್ಳಬೇಕಲ್ಲ. ಯಾರೂ ತುಟಿ ಬಿಚ್ಚಲಿಲ್ಲ. ಅಧ್ಯಕ್ಷರ ವಿರುದ್ಧದ ಮಾತು, ಯಾರಿಗೆ ಬೇಕು ಉಸಾಬರಿ? ಯಾರೂ ತಗೊಳ್ಳದ ಮಾತು ಗಾಳಿಗೆ ಹೋದಂತೆ, ನಾನು ಮುಖ ಮುಚ್ಚಿಕೊಂಡು ಇಳಿಯಬೇಕಾಗುತ್ತಿತ್ತು. ಅಷ್ಟರಲ್ಲಿ ಬೀಬಿಜಾನಳ ಹೆಗಲು ಹಿಡಿದು ಕಲ್ಲವ್ವ ಮೇಲೆದ್ದಳು. ಅವಳ ಬಾಯಿಂದ ಅದು ಪೂರ್ತಿ ಹೊರಡುವವರೆಗೆ ಸಂತೆಯೆಲ್ಲ ಕಾಯಿತು. "ತ... ತಗೊಂಡೀವಿ."

ಮರುದಿನ ಬೆಳಗ್ಗೆ ಕಚೇರಿಯ ಮೆಟ್ಟಿಲ ಮೇಲೆ ಕೂತ ಹೆಂಗಸಿನ ನೆರಳೊಂದು ಬಿದ್ದಿತ್ತು. ಕಟ್ಟಡದ, ಬಾವಿಯ, ತೊಟ್ಟಿಲಿನ ನೆರಳು ಕಂಡಿದ್ದೆವು. ಮನುಷ್ಯರ ನೆರಳು ಬಿದ್ದದ್ದು ಅದೇ ಮೊದಲು. ತುರುಬು, ಸೆರಗು, ಮಡಚಿದ ಮೊಣಕಾಲು ಎಲ್ಲ ನನ್ನವೇ. ಮಧ್ಯಾಹ್ನ ಹೋಗಿ ಅದರೊಳಗೆ ಕೂತೆ. ಸೂರ್ಯ ನೆತ್ತಿಯ ಮೇಲಿದ್ದ, ನನಗೆ ಮಾತ್ರ ಬಿಸಿಲು ತಾಗಲಿಲ್ಲ. ನೋಡಲು ಬಂದವರು ದೂರದಲ್ಲೇ ಚಪ್ಪಲಿ ಬಿಟ್ಟು ನಿಂತರು. ಮುಂದಿನ ಸಂತೆಗೆ ಬೀಬಿಜಾನ್ ಕಟ್ಟೆ ಹತ್ತಿದಳು. ಈ ಸಲ ತಗೊಂಡೀವಿ ಎಂದವರು ಬಹಳ ಜನ. ಆಮೇಲೆ ಕೂಲಿಗೆ ಹೋಗುತ್ತಿದ್ದ ನಮ್ಮ ಗುಂಪಿನವರು, ಆಮೇಲೆ ಸೇತುವೆಯ ಮಾತು ಮರಳಿಸಿದ್ದ ಮಾಸ್ತರರ ಹೆಂಡತಿ, ಗಂಡನನ್ನು ಕೇಳದೆಯೇ. ಕೊನೆಗೆ ಕಲ್ಲವ್ವನನ್ನೂ ಕಟ್ಟೆಯ ಮೇಲೆ ಎತ್ತಿ ನಿಲ್ಲಿಸಿದೆವು, ಅವಳೂ ಮಾತು ಕೊಟ್ಟಳು. ಅವಳಿಗೆ ಮೆಟ್ಟಿಲು ಹತ್ತಲು ಆಗದು, ಅವಳ ನೆರಳು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಮೇಲೆಯೇ ಬಿತ್ತು. ಕಚೇರಿಯ ಮೆಟ್ಟಿಲು ನಾವು ಇಲ್ಲದ ಹೊತ್ತಿನಲ್ಲೂ ನಮ್ಮಿಂದ ತುಂಬಿರುತ್ತಿತ್ತು.

ಆ ಕಚೇರಿಗೆ ಒಂದೇ ಬಾಗಿಲು. ಗುಮಾಸ್ತರು ಬೂಟು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು, "ತಪ್ಪಾತ್ರಿ, ತಪ್ಪಾತ್ರಿ" ಎನ್ನುತ್ತ ನಮ್ಮ ನಡುವೆ ದಾರಿ ಮಾಡಿಕೊಂಡು ಹೋಗುತ್ತಿದ್ದರು. ಅಧ್ಯಕ್ಷರು ಬರುವುದನ್ನೇ ಬಿಟ್ಟರು, ಕಡತ ಕಾಗದ ಮನೆಗೇ ತರಿಸಿಕೊಂಡರು. ಒಮ್ಮೆ ಮಾತ್ರ ಮೆಟ್ಟಿಲಿನಿಂದ ದೂರ ನಿಂತು ಕೇಳಿದರು.

"ನಂದಕ್ಕ, ಸಾಹೇಬ್ರು ಬರೂ ಹೊತ್ನ್ಯಾಗ ಹಿಂಗ ಕುಂತ್ರ ಊರಿನ ಮಾನ ಏನಾಗಬೇಕ್ರಿ?"

"ಅದನ್ನ ಕಾಯಾಕ ಕುಂತೀವಿ ಮುರಿಗೆಪ್ಪ" ಎಂದೆ. ಅಧ್ಯಕ್ಷರೇ ಎನ್ನಲು ನನಗೆ ಮನಸ್ಸಾಗಲಿಲ್ಲ.

ಸಾಹೇಬರು ಬಂದದ್ದು ನಡುಮಧ್ಯಾಹ್ನವೇ. ಕಾರಿನಿಂದ ಇಳಿದು ನಮ್ಮ ಕಡೆ ನೋಡಿ, ಅರ್ಜಿ ಕೊಡಲು ಬಂದವರೆಂದುಕೊಂಡಿರಬೇಕು, ತಲೆಯಲ್ಲಾಡಿಸಿ ಬೂಟುಗಾಲಲ್ಲೇ ನೆರಳುಗಳನ್ನು ತುಳಿಯುತ್ತ ಮೇಲೆ ಹತ್ತಿದರು. ನಾವು ಏಳಲಿಲ್ಲ. ಕೂರುತ್ತೇವೆಂದು ಮಾತು ಕೊಟ್ಟವರು ಏಳುವಂತಿಲ್ಲ. ಹೊರಗಿನವರು, ಅವರಿಗೇನು ಗೊತ್ತು? ಬಾಗಿಲಲ್ಲಿ ನಿಂತು ತಿರುಗಿ, "ಬನ್ನಿ ಅಧ್ಯಕ್ಷರೇ" ಎಂದು ಕರೆದರು. ಮುರಿಗೆಪ್ಪ ಕೆಳಗಿನ ಮೆಟ್ಟಿಲಿನ ಹತ್ತಿರ ನಿಂತಿದ್ದ. ಅವನ ಸುತ್ತ ಊರೆಲ್ಲ ನಿಂತಿತ್ತು. ಒಂದು ಕಾಲು ಎತ್ತಿದ. ಎತ್ತಿದ ಕಾಲು ಹಾಗೇ ನಿಂತಿತು. ಅದರ ಕೆಳಗೆ ಕಲ್ಲವ್ವನ ನೆರಳಿತ್ತು, ನೆರಳಿನೊಳಗೆ ಕಲ್ಲವ್ವ ಇದ್ದಳು. ಅವಳು ತಲೆಯೆತ್ತಿ ಅವನನ್ನು ನೋಡಿದಳು, ಸಿಟ್ಟಿನಿಂದಲ್ಲ, ಚಿಕ್ಕವನಿದ್ದಾಗಿಂದ ಬಲ್ಲ ಹುಡುಗನನ್ನು ನೋಡುವಂತೆ.

"ಸಂಗ... ಸಂಗನಬಸಪ್ಪನ ಮಗ ನೀ" ಎಂದಳು.

ಅವನು ಕಾಲು ಹಿಂದಕ್ಕೆ ಇಟ್ಟ. ನಾಗೇಶಿ ಬಗ್ಗಿ ಬೂಟು ಬಿಚ್ಚಲು ಹೋದ, ಮುರಿಗೆಪ್ಪ ಅವನ ಕೈ ಸರಿಸಿದ. ಹೊಟ್ಟೆ ಅಡ್ಡ ಬಂದು ಏದುಸಿರು ಬಿಡುತ್ತ ತಾನೇ ಲೇಸು ಬಿಚ್ಚಿ ಬೂಟನ್ನು ಕೈಯಲ್ಲಿ ಹಿಡಿದುಕೊಂಡ. ಮೇಲೆ ಬರುತ್ತಾನೆಂದು ನಾವು ಕಾಲು ಮಡಚಿ ದಾರಿ ಬಿಟ್ಟೆವು. ಅವನು ಬರಲಿಲ್ಲ. ತಿರುಗಿ, ಬಾಗಿಲಲ್ಲಿ ನಿಂತಿದ್ದ ಸಾಹೇಬರಿಗೆ ಏನೂ ಹೇಳದೆ, ಹಾಸುಬಂಡೆಯ ದಾರಿ ಹಿಡಿದ. ಊರೆಲ್ಲ ಅವನ ಹಿಂದೆ ಹೋಯಿತು. ಸಾಹೇಬರೂ ಏನೋ ಕಾರ್ಯಕ್ರಮವಿರಬೇಕೆಂದು ಗಡಿಬಿಡಿಯಲ್ಲಿ ಇಳಿದು ಹೋದರು.

ಉಳಿದವರು ನಾವು. ಎರಡು ವರ್ಷ ಯಾವ ಗಳಿಗೆಗಾಗಿ ಕಾದಿದ್ದೆವೋ ಅದು ಅಲ್ಲಿ ನಡೆಯುತ್ತಿತ್ತು, ನಮಗೆ ಎದ್ದು ಹೋಗಿ ನೋಡುವಂತಿರಲಿಲ್ಲ. ಬಿಸಿಲು ಇನ್ನೂ ಇಳಿದಿರಲಿಲ್ಲ. ಬೀಬಿಜಾನ್ ಕುತ್ತಿಗೆ ಉದ್ದ ಮಾಡಿ ಮಾಡಿ ನೋಡಿದಳು, ಮಾಸ್ತರರ ಹೆಂಡತಿ ತುದಿಗಾಲಲ್ಲಿ ಕೂತಳು, ಆದರೆ ಒಬ್ಬಳೂ ತನ್ನ ನೆರಳು ಬಿಟ್ಟು ಏಳಲಿಲ್ಲ. ನಮ್ಮ ಹೆಂಗಸರ ಬಗ್ಗೆ ನನಗೆ ಇದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿಲ್ಲ. ಬಂಡೆಯ ಕಡೆಯಿಂದ ಗುಜುಗುಜು ಕೇಳಿತು, ಆಮೇಲೆ ಸದ್ದೇ ಇಲ್ಲ, ಆಮೇಲೆ ಒಮ್ಮೆಗೇ ಜನರೆಲ್ಲ ಉಸಿರುಬಿಟ್ಟಂಥ ಸದ್ದು.

ಸ್ವಲ್ಪ ಹೊತ್ತಿಗೆ ಮುರಿಗೆಪ್ಪ ಅದೇ ದಾರಿಯಲ್ಲಿ ಮರಳಿ ಬಂದ. ಕುಂಟುತ್ತಿದ್ದ. ಮುಖ ಬಾಡಿತ್ತು, ಆದರೆ ಕತ್ತು ಅವರಪ್ಪನ ಕತ್ತಿನಂತೆ ನೆಟ್ಟಗಿತ್ತು. ನನ್ನೆದುರು ಬಂದು ನಿಂತು, ಕಾಲು ಬದಲಿಸುತ್ತ ಹೇಳಿದ.

"ಬಂಡೆ ಸುಡಾಕತ್ತೈತಿ, ನಂದಕ್ಕ."

ನಾನು ಕುಡಿಯಲೆಂದು ತಂದಿದ್ದ ಮಜ್ಜಿಗೆಯನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಎರಡು ಕೈಯಲ್ಲಿ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ನಗಲಿಲ್ಲ. ಅದು ನಮ್ಮೂರಿನ ರೀತಿ.

"ಈಗ ಇನ್ನೊಂದ ಮಾತು ಕೊಡಲೇನು?" ಎಂದು ಕೇಳಿದ, ಲೋಟ ಕೆಳಗಿಡುತ್ತ.

"ನಿನ್ನ ಕೈಲಿ ಎಷ್ಟಾಗತೈತಿ ಅಷ್ಟ ಹೇಳು. ಒಂದ ಗೇಣು ಜಾಸ್ತಿ ಹೇಳಬ್ಯಾಡ."

ಮುಂದಿನ ಸಂತೆಗೆ ಬರಿಗಾಲಲ್ಲಿ ಕಟ್ಟೆ ಹತ್ತಿ, ಹಾಸುಬಂಡೆಯ ಮೂಲೆಯಲ್ಲಿ ಒಂದು ಕೋಣೆ, ಒಂದು ಮಂಚ, ಸಂತೆಯ ದಿನ ಒಬ್ಬ ಡಾಕ್ಟರ್ ಎಂದ. ಹೇಳುವಾಗ ತಡೆದು ತಡೆದು, ಲೆಕ್ಕ ಹಾಕಿ ಹಾಕಿ ಹೇಳಿದ. ನಾನು ಅವನನ್ನು ಎರಡು ಸಲ ಕೇಳಿ ತಗೊಂಡೀವಿ ಎಂದೆ. ಮರುದಿನ ಸಣ್ಣದೊಂದು ಚೌಕ ನೆರಳು ಬಿತ್ತು, ಅಗಲವಾದ ಕಿಟಕಿಯಿದ್ದ ನೆರಳು. ಬೀಬಿಜಾನ್ ಅದನ್ನು ಸುತ್ತಿ ಬಂದು, "ಈ ಸಲ ಗಾಳಿ ಆಡತೈತಿ" ಎಂದಳು. ಉಳಿದ ಬಂಡೆಯೆಲ್ಲ ಬಿಸಿಲು. ನಮ್ಮ ಹಪ್ಪಳ ಈಗ ಮತ್ತೆ ಬಾಣಲೆ ತುಂಬ ಅರಳುತ್ತದೆ.

ಕೋಣೆಯ ಗೋಡೆ ಮೊಣಕಾಲಿನವರೆಗೆ ಬಂದಿದೆ. ಮೊನ್ನೆ ಊರ ಹಿರಿಯರು ಬಂದು, ಅವನು ಆಗಲಿಲ್ಲ ಅಂದಾಯಿತು, ನೀವೂ ಮೆಟ್ಟಿಲ ಮೇಲೆ ನಿಂತು ಆಗಲಿಲ್ಲ ಅಂದುಬಿಡಿ, ಮಜ್ಜಿಗೆ ನಾವು ಕೊಡುತ್ತೇವೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ನಾನು ಹೇಳಿದ್ದು ಡಾಕ್ಟರ್ ಬಂದು ಕೂರುವ ತನಕ ಎಂದು, ಅಧ್ಯಕ್ಷರು ಸೋಲುವ ತನಕ ಎಂದಲ್ಲ. ಆದ್ದರಿಂದ ದಿನವೂ ಮಧ್ಯಾಹ್ನ ಬಂಡೆಯ ಹಪ್ಪಳ ತಿರುವಿ ಹಾಕಿ, ಕಲ್ಲವ್ವನ ಎಡಗೈ ಹಿಡಿದುಕೊಂಡು ಕಚೇರಿಗೆ ಹೋಗುತ್ತೇವೆ. ಮುರಿಗೆಪ್ಪ ಕೆಳಗಿನ ಮೆಟ್ಟಿಲಿನ ಹತ್ತಿರ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಮ್ಮ ನಡುವೆ ಹಾದು ಒಳಗೆ ಹೋಗುತ್ತಾನೆ. ನಾನು ಸೆರಗು ಹೊದ್ದುಕೊಂಡು ನನ್ನ ನೆರಳಿನೊಳಗೆ ಕೂರುತ್ತೇನೆ, ಅದು ಒಂದು ಎಳೆಯಷ್ಟೂ ನನ್ನಿಂದ ಹೊರಗೆ ಉಳಿಯುವುದಿಲ್ಲ.